ಇಲ್ಲವೆನ್ನಲು ಬಾರದವರ ಸಿಟ್ಟು

ಆಟಿಯ ಮಳೆ ಎರಡು ದಿನ ಬಿಡುವು ಕೊಟ್ಟರೆ ಸಾಕು, ನಮ್ಮ ಕಾಸರಗೋಡಿನ ಅಡಿಕೆ ತೋಟಗಳಲ್ಲಿ ಎಲ್ಲಿಲ್ಲದ ಅವಸರ. ಮೊದಲ ಸಲ ಮದ್ದು ಬಿಟ್ಟು 40-45 ದಿನಗಳಾದಾಗ ಎರಡನೆಯದು ಆಗಲೇಬೇಕು, ಇಲ್ಲವಾದರೆ ಕೊಳೆರೋಗ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಎಂಬ ಲೆಕ್ಕ ಎಲ್ಲರಿಗೂ ಗೊತ್ತು. ಸಿಗದಿರುವುದು ಮರ ಹತ್ತುವವರು, ಪಂಪು ಮತ್ತು ಬಿಸಿಲು.

ಇಂಥದೇ ಒಂದು ಬಿಡುವಿನಲ್ಲಿ ನಮ್ಮ ಕೃಷಿಕ ಬಂಧುವೊಬ್ಬರು ತಮ್ಮ ಪಂಪನ್ನು ನೆರೆಯವರಿಗೆ ಕೊಟ್ಟರು. ಅಲ್ಲಿಂದ ಅದು ನೆರೆಯವರ ಭಾವನ ತೋಟಕ್ಕೆ ಹೋಯಿತು. ಮೂರನೆಯ ದಿನ ಹಿಂದೆ ಬರುವಾಗ ಪೈಪು ಸೀಳಿತ್ತು, ಮಳೆಯೂ ಹಿಡಿದಿತ್ತು. ಕೆಲವೇ ದಿನಗಳಲ್ಲಿ ಇವರ ತೋಟದ ಎಳೆಕಾಯಿ ಉದುರತೊಡಗಿತು. ನೆರೆಯವರೊಡನೆ "ಪರವಾಗಿಲ್ಲ" ಎಂದು ನಕ್ಕರು. ಆ ರಾತ್ರಿ ಗಂಜಿಗೆ ಉಪ್ಪು ಹೆಚ್ಚಾಯಿತೆಂದು ಹೆಂಡತಿಯ ಮುಂದೆ ಬಟ್ಟಲು ಎಸೆದರು.

ಭಾನುವಾರದ ಪೂಜೆಯ ಬಳಿಕ ಇಗರ್ಜಿಯ ಜಗಲಿಯಲ್ಲಿ ಕುಳಿತು, "ಫಾದರ್, ನನಗೆ ಕೋಪ ಜಾಸ್ತಿ" ಎಂದರು. (ಬರೆಯಲು ಅವರ ಒಪ್ಪಿಗೆಯಿದೆ.) ನಮ್ಮ ಅಭಿಪ್ರಾಯ ಬೇರೆ. ಅವರ ಕೋಪ ಜಾಸ್ತಿಯಲ್ಲ. ಅದು ತಡವಾಗಿ ಬಂತು, ತಪ್ಪು ಮನೆಗೆ ಬಂತು.

ನಾವು ಇದಕ್ಕೆ ದಾಕ್ಷಿಣ್ಯ ಎನ್ನುತ್ತೇವೆ. ಅದರ ಬಗ್ಗೆ ಕನ್ನಡದಲ್ಲಿ ಒಂದು ಗಾದೆಯಿದೆ, ಚರ್ಚಿನ ಪತ್ರಿಕೆಯಲ್ಲಿ ಅಚ್ಚು ಹಾಕುವಂಥದ್ದಲ್ಲ. ದಾಕ್ಷಿಣ್ಯವನ್ನು ನಾವು ಪರಪ್ರೀತಿ ಎಂದು ತಿಳಿಯುತ್ತೇವೆ. ಆದರೆ ಪ್ರೀತಿಯಿಂದ ಕೊಟ್ಟವನಿಗೆ ರಾತ್ರಿ ನಿದ್ದೆ ಬರುತ್ತದೆ. ಹೆದರಿ ಕೊಟ್ಟವನು ಹೊರಳಾಡುತ್ತಾನೆ. ಸಿಟ್ಟು ಬಂದಾಗ ಎದೆಬಡಿತ, ರಕ್ತದೊತ್ತಡ ಏರುವುದು ಸಹಜ. ಬಾಯಿ ಮುಚ್ಚಿಕೊಂಡ ಮಾತ್ರಕ್ಕೆ ಅದು ಇಳಿಯುವುದಿಲ್ಲ. ಹಾಗೆಂದು ಕಿರುಚಾಡಿದರೆ ಇಳಿಯುತ್ತದೆ ಎಂಬುದೂ ಸುಳ್ಳೇ.

ಸೆಮಿನರಿಯಲ್ಲಿ ನಮಗೆ ಕೋಪವನ್ನು ಏಳು ಪ್ರಧಾನ ಪಾಪಗಳಲ್ಲಿ ಒಂದೆಂದು ಕಲಿಸಿದರು. ನ್ಯಾಯವಾದ ಕಾರಣವಿದ್ದೂ ಸಿಟ್ಟು ಬಾರದಿರುವುದು ಕೂಡ ದೋಷವಾಗಬಹುದು ಎಂದು ಸಂತ ತೋಮಸ್ ಅಕ್ವಿನಾಸರು ಬರೆದದ್ದನ್ನು ನಾವು ಆಗ ಅಷ್ಟಾಗಿ ಗಮನಿಸಲಿಲ್ಲ. ಮಾರ್ಕನ ಶುಭಸಂದೇಶದ 3ನೆಯ ಅಧ್ಯಾಯದಲ್ಲಿ, ಕೈ ಬತ್ತಿದವನ ಎದುರು ಕಲ್ಲಿನಂತೆ ಕುಳಿತವರನ್ನು ಯೇಸುಸ್ವಾಮಿ ಸಿಟ್ಟಿನಿಂದಲೇ ನೋಡಿದರು. ಆದರೆ ಯಾರ ಮೇಲೂ ಕೈಮಾಡಲಿಲ್ಲ. ಬತ್ತಿದ ಕೈಯನ್ನು ಗುಣಪಡಿಸಿದರು. ಅದೇ ಮಾರ್ಕನ 1ನೆಯ ಅಧ್ಯಾಯದಲ್ಲಿ, ಎಲ್ಲರೂ ಹುಡುಕುತ್ತಿದ್ದಾರೆಂದು ಶಿಷ್ಯರು ಬಂದು ಹೇಳಿದರೂ ಅವರು ಹಿಂದಿರುಗದೆ ಬೇರೆ ಊರಿಗೆ ಹೊರಟರು.

ಪಂಪು ಸಣ್ಣ ಮಾತು. ಸೊಸೈಟಿ ಸಾಲಕ್ಕೆ ದಾಕ್ಷಿಣ್ಯದಿಂದ ಜಾಮೀನು ನಿಂತು ತೋಟ ಕಳಕೊಂಡರೆ ಏನು ಗತಿ? 1872ರ ಭಾರತೀಯ ಕರಾರು ಕಾಯಿದೆಯ 128ನೆಯ ಸೆಕ್ಷನಿನಂತೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನಷ್ಟೇ. "ಸುಮ್ಮನೆ ಒಂದು ಸಹಿ" ಎಂಬುದು ಕಾನೂನಿನಲ್ಲಿ ಇಲ್ಲ.

ಇಲ್ಲವೆನ್ನುವುದಕ್ಕೂ ಕ್ರಮವಿದೆ. ಪಂಪು ಹಾಳಾಗಿದೆ ಎಂದು ಸುಳ್ಳು ಹೇಳಬೇಡಿ, ನಾಳೆ ಅದರ ಸದ್ದು ಊರಿಗೆಲ್ಲ ಕೇಳುತ್ತದೆ. "ನಮ್ಮ ತೋಟದ್ದು ಮುಗಿಯುವವರೆಗೆ ಕೊಡಲಾಗುವುದಿಲ್ಲ. ಆಮೇಲೆ ಕೊಂಡುಹೋಗಿ, ಸಂಜೆಗೆ ತೊಳೆದು ತನ್ನಿ" ಎಂದರೆ ಸಾಕು. ಹತ್ತು ಕಾರಣ ಹೇಳಿದರೆ ಹನ್ನೊಂದನೆಯ ದಾರಿ ಅವರು ಹುಡುಕುತ್ತಾರೆ. ಇದನ್ನು ಬರೆಯುವ ನಮಗೇ, ಒಂದೇ ಸಂಜೆ ಎರಡು ವಾರ್ಡುಗಳಲ್ಲಿ ಕೂಟಕ್ಕೆ ಒಪ್ಪಿಕೊಂಡು ಎರಡೂ ಕಡೆ ಬೈಸಿಕೊಂಡ ಅನುಭವವಿದೆ.

ಮನೆಯಾಕೆಯ ಮಾತು ಉಳಿಯಿತು. ಬಟ್ಟಲು ಇನ್ನೊಮ್ಮೆ ಹಾರಿದರೆ ತಾನು ಬಡಿಸುವುದಿಲ್ಲ ಎಂದು ಆಕೆ ಅಂದೇ ಹೇಳಿದ್ದರಂತೆ. ಇಬ್ಬರಲ್ಲಿ ಮೊದಲು ಕಲಿತವರು ಅವರೇ.

ಈ ವರ್ಷ ಪಂಪು ಕೇಳಲು ಬಂದ ನೆರೆಯವರಿಗೆ ನಮ್ಮ ಬಂಧು ಮೇಲಿನಂತೆಯೇ ಹೇಳಿದರು. ನೆರೆಯವರು ಎರಡು ಭಾನುವಾರ ಮುಖ ತಿರುಗಿಸಿ ನಡೆದರು, ಮೂರನೆಯ ವಾರ ಬಂದು ಪಂಪು ಕೊಂಡುಹೋದರು. ಸಂಜೆ ತೊಳೆದು ತಂದರೇ ಎಂದು ಕೇಳಿದೆವು. ತಂದದ್ದು ಹೌದು, ತೊಳೆದಿರಲಿಲ್ಲವಂತೆ.