ಸ್ಪ್ರಿಂಗ್ ಗಟ್ಟಿಯಾದರೆ ಸಾಕೆ?

ಶ್ರೀಗಂಧದ ಕಾವಲ್‌ನ ಒಳರಸ್ತೆಯಲ್ಲಿ ಉಬ್ಬು ದಾಟುವ ಕಾರು ಕುಣಿಯುತ್ತದೆ. ಮಾಗಡಿ ರಸ್ತೆಗೆ ತಿರುಗುವಾಗ ಹೊರಬದಿಗೆ ವಾಲುತ್ತದೆ. ಈ ಎರಡನ್ನೂ ಹದದಲ್ಲಿಡುವುದು ಸಸ್ಪೆನ್ಷನ್ನಿನ ಕೆಲಸ. ಸ್ಪ್ರಿಂಗ್ ಗಟ್ಟಿಯಾದಷ್ಟೂ ರಸ್ತೆಹಿಡಿತ ಹೆಚ್ಚು ಎಂದು ಹಲವು ಹುಡುಗರು ನಂಬಿರುತ್ತಾರೆ. ಅದು ಅರ್ಧಸತ್ಯ.

ಇದನ್ನು ಕೈಯಾರೆ ಕಲಿಯುವ ವಿದ್ಯಾರ್ಥಿಗಳು ಬಹಳ ದೂರದಲ್ಲಿಲ್ಲ. ಮೈಸೂರು ರಸ್ತೆಯ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನಲ್ಲಿ 2003ರಲ್ಲಿ ಆರಂಭವಾದ ‘ಅಶ್ವ ರೇಸಿಂಗ್’ ತಂಡ ಒಂಟಿ ಆಸನದ ರೇಸ್ ಕಾರುಗಳನ್ನು ತಾನೇ ನಿರ್ಮಿಸಿ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗಳಿಗೆ ಒಯ್ದಿದೆ.

ಈ ಸ್ಪರ್ಧೆಗಳಲ್ಲಿ ‘ಸ್ಕಿಡ್‌ಪ್ಯಾಡ್’ ಎಂಬ ಪರೀಕ್ಷೆಯಿದೆ. ನೆಲದ ಮೇಲೆ 8ರ ಆಕಾರದಲ್ಲಿ ಎರಡು ವೃತ್ತ, ಒಳವ್ಯಾಸ 15.25 ಮೀಟರ್. ಕಾರು ಸಾಗುವ ಹಾದಿಯ ವ್ಯಾಸ 17 ಮೀಟರ್ ಎಂದುಕೊಂಡರೆ ಒಂದು ಸುತ್ತು ಸುಮಾರು 53 ಮೀಟರ್. ಅದನ್ನು 5.5 ಸೆಕೆಂಡಿನಲ್ಲಿ ಮುಗಿಸಿದರೆ ವೇಗ ಗಂಟೆಗೆ ಬರೀ 35 ಕಿ.ಮೀ. ಆದರೆ ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿ ನೋಡಿ: ವೇಗೋತ್ಕರ್ಷ 11 ಮೀ/ಸೆ², ಗುರುತ್ವದ 9.8ಕ್ಕಿಂತಲೂ ಹೆಚ್ಚು! ಅಷ್ಟು ಬಲವನ್ನೂ ಒದಗಿಸಬೇಕಾದ್ದು ನಾಲ್ಕು ಟೈರುಗಳು ನೆಲ ಮುಟ್ಟುವ ಪುಟ್ಟ ಜಾಗ.

ತಿರುವಿನಲ್ಲಿ ಭಾರ ಹೊರಗಿನ ಟೈರುಗಳಿಗೆ ವರ್ಗವಾಗುತ್ತದೆ. ಆದರೆ ಭಾರ ಇಮ್ಮಡಿಯಾದರೆ ಟೈರಿನ ಹಿಡಿತ ಇಮ್ಮಡಿಯಾಗದು. ಒಳಗಿನ ಟೈರು ಕಳೆದುಕೊಂಡಷ್ಟನ್ನು ಹೊರಗಿನದು ಗಳಿಸುವುದಿಲ್ಲ. ವರ್ಗವಾಗುವ ಒಟ್ಟು ಭಾರವನ್ನು ಮುಖ್ಯವಾಗಿ ನಿರ್ಧರಿಸುವುದು ವೇಗೋತ್ಕರ್ಷ, ಕಾರಿನ ಗುರುತ್ವಕೇಂದ್ರದ ಎತ್ತರ ಮತ್ತು ಎಡ-ಬಲ ಚಕ್ರಗಳ ನಡುವಿನ ಅಂತರ. ಅದರಲ್ಲಿ ಮುಂದಿನ ಚಕ್ರಗಳಿಗೆಷ್ಟು, ಹಿಂದಿನವಕ್ಕೆಷ್ಟು ಎಂಬ ಪಾಲನ್ನು ಬದಲಿಸುವುದಷ್ಟೇ ಸ್ಪ್ರಿಂಗಿನ ಕೈಯಲ್ಲಿದೆ. ಮುಂಭಾಗ ಅತಿ ಬಿಗಿಯಾದರೆ ಮುಂಚಕ್ರ ಮೊದಲು ಜಾರಿ, ಸ್ಟೀರಿಂಗ್ ತಿರುಗಿಸಿದರೂ ಕಾರು ನೇರಕ್ಕೇ ನುಗ್ಗುತ್ತದೆ. ಹಿಂಭಾಗ ಅತಿ ಬಿಗಿಯಾದರೆ ಹಿಂಬದಿಯೇ ಜಾರಿ ಕಾರು ಗಿರಕಿ ಹೊಡೆಯಬಹುದು. ಹದ ಕಂಡುಕೊಳ್ಳಲು ಒಮ್ಮೆಗೆ ಒಂದನ್ನೇ ಬದಲಿಸಿ, ಅಳೆದು, ಬರೆದಿಡಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಫಲ ಯಾವುದರದ್ದೆಂದು ತಿಳಿಯದು.

ಕಾರನ್ನು ತಗ್ಗಾಗಿಸಲು ಸ್ಪ್ರಿಂಗ್ ಕತ್ತರಿಸುವುದಂತೂ ಅಪಾಯಕಾರಿ. ಸುರುಳಿ ಕಡಿಮೆಯಾದಷ್ಟೂ ಸ್ಪ್ರಿಂಗ್ ಗಟ್ಟಿಯಾಗುತ್ತದೆ, ಚಕ್ರ ಮೇಲೆ ಕೆಳಗೆ ಆಡಲು ಜಾಗ ಕುಗ್ಗುತ್ತದೆ. ಗುಂಡಿಬಿದ್ದ ರಸ್ತೆಯಲ್ಲಿ ಟೈರು ನೆಲ ಬಿಟ್ಟು ನೆಗೆಯುತ್ತದೆ. ನೆಲ ಬಿಟ್ಟ ಟೈರು ಬ್ರೇಕಿಗೂ ಬಗ್ಗದು, ಸ್ಟೀರಿಂಗಿಗೂ ಬಗ್ಗದು.

ಮಗನೋ ಮಗಳೋ ಕಾರಿನ ಸಸ್ಪೆನ್ಷನ್ ಬದಲಿಸಬೇಕೆಂದು ಹಟ ಹಿಡಿದರೆ ಹೆತ್ತವರು ಗದರಬೇಕಿಲ್ಲ. ನಿಂತ ಕಾರಿನ ಒಂದು ಮೂಲೆಯನ್ನು ಬಲವಾಗಿ ಒತ್ತಿ ಬಿಡಲು ಹೇಳಿ. ಒಮ್ಮೆ ಎದ್ದು ನಿಂತರೆ ಸರಿ. ಮತ್ತೆ ಮತ್ತೆ ಕುಣಿದರೆ ಷಾಕ್ ಅಬ್ಸಾರ್ಬರ್ ಸವೆದಿರಬಹುದು, ಮೆಕ್ಯಾನಿಕ್‌ಗೆ ತೋರಿಸಿ. ಟೈರು ತಣ್ಣಗಿರುವಾಗ ಗಾಳಿಯ ಒತ್ತಡವನ್ನೂ ಅಳೆದು ಬರೆದಿಡಲಿ. ಇಂಜಿನಿಯರಿಂಗಿನ ಮೊದಲ ಪಾಠ ಶುರುವಾಗುವುದು ಸ್ಪ್ಯಾನರ್‌ನಿಂದಲ್ಲ, ನೋಟ್‌ಬುಕ್‌ನಿಂದ.