ಹಳೆಯ ನಾಟಕಪುಸ್ತಕವೂ ಅದರ ಒಡೆಯನ ಹೆಸರೂ

ಹಳೆಯ ಮುದ್ರಿತಗ್ರಂಥಗಳನ್ನು, ಅದರಲ್ಲಿಯೂ ಮೊದಲ ಮುದ್ರಣದ ನಾಟಕಗಳನ್ನು, ಹುಡುಕಿ ಕೂಡಿಡುವ ಅಭಿರುಚಿಯು ನಮ್ಮ ವಿದ್ಯಾವಂತರಲ್ಲಿ ತಲೆದೋರಿರುವುದು ಸಂತೋಷದ ವಿಷಯವೇ ಸರಿ. ಆದರೆ ಅದರೊಡನೆ ಒಂದು ಅವಿವೇಕವೂ ಬೆಳೆಯುತ್ತಿದೆ. ಮೊದಲ ಹಾಳೆಯಲ್ಲಿ ಹಿಂದಿನ ಒಡೆಯನು ಬರೆದಿಟ್ಟ ಹೆಸರು, ಊರು, ತಾರೀಖು, ಬಹುಮಾನದ ಒಕ್ಕಣೆ, ಸಂಘದ ಮುದ್ರೆ, ಪಾತ್ರಧಾರಿಯು ಅಂಚಿನಲ್ಲಿ ಎಳೆದ ಗೆರೆ, ಇವೆಲ್ಲವೂ ಕಲಂಕಗಳೆಂದು ಬಗೆದು ಆ ಹಾಳೆಯನ್ನು ಕತ್ತರಿಸಿ, ಹೊಸ ರಟ್ಟು ಕಟ್ಟಿಸಿ, ‘ಶುದ್ಧಪ್ರತಿ’ ಎಂದು ಹಿಗ್ಗುವುದೇ ಆ ಅವಿವೇಕವು. ಇದು ಸಾಕ್ಷ್ಯನಾಶವೆಂದು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶವು.

ಪೂರ್ವಪಕ್ಷದವರು ಮೂರು ಮಾತುಗಳನ್ನು ಆಡುವರು. ಗ್ರಂಥವೆಂದರೆ ಕವಿಯ ವಾಕ್ಯವು. ಕೊಂಡವನ ಸಹಿಯಿಂದ ಅದಕ್ಕೆ ಬರುವ ಗುಣವೇನು? ಎಂಬುದು ಮೊದಲನೆಯದು. ಪುಟಪುಟದ ಛಾಯಾಪ್ರತಿಯೂ ಗಣಕಯಂತ್ರದಲ್ಲಿ ದೊರೆಯುವಾಗ ಹುಳು ಹಿಡಿದ ಪ್ರತಿಯ ಗೊಡವೆಯೇಕೆ? ಎಂಬುದು ಎರಡನೆಯದು. ಪ್ರಸಿದ್ಧರ ಹೆಸರಾದರೆ ಇರಲಿ, ಯಾರೋ ಶಾನುಭೋಗರದೋ ಉಪಾಧ್ಯಾಯರದೋ ಆದರೆ ಪ್ರಯೋಜನವೇನು? ಎಂಬುದು ಮೂರನೆಯದು.

ಮೊದಲನೆಯ ಮಾತನ್ನು ಆಡುವವರು ನಮ್ಮ ಸಂಪ್ರದಾಯವನ್ನೇ ಮರೆತಿದ್ದಾರೆ. ತಾಳೆಯೋಲೆಯ ಕಟ್ಟುಗಳ ಕೊನೆಯಲ್ಲಿ ಬರೆದವನು ಯಾರು, ಯಾರಿಗಾಗಿ ಬರೆದನು, ಯಾವ ಸಂವತ್ಸರದಲ್ಲಿ ಮುಗಿಸಿದನು ಎಂಬುದನ್ನು ನಮೂದಿಸುವ ಪದ್ಧತಿಯಿತ್ತು. ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ದಾನವಿತ್ತ ಅತ್ತಿಮಬ್ಬೆಯನ್ನು ಕನ್ನಡಿಗರು ಸಾವಿರ ವರುಷಗಳಿಂದ ಸ್ಮರಿಸುತ್ತಿರುವುದು ಏತಕ್ಕೆ? ಆಕೆ ಆ ಕಾವ್ಯದ ಒಂದು ಅಕ್ಷರವನ್ನೂ ರಚಿಸಿದವಳಲ್ಲ. ಕಾವ್ಯವನ್ನು ಉಳಿಸಿದವರಿಗೂ ಕಾವ್ಯದ ಚರಿತ್ರೆಯಲ್ಲಿ ಸ್ಥಾನವುಂಟೆಂಬುದೇ ಅದರ ಅರ್ಥವು.

ಪರದೇಶದ ನಿದರ್ಶನವೊಂದು ಇನ್ನೂ ಮನಮುಟ್ಟುವಂತಿದೆ. ತೋಮಸ್ ವೈಸ್ ಎಂಬಾತನು ಇಂಗ್ಲೆಂಡಿನಲ್ಲಿ ಪ್ರಥಮಮುದ್ರಣಗಳ ಸಂಗ್ರಾಹಕರೊಳಗೆ ಅಗ್ರಗಣ್ಯನೆಂದು ಪೂಜಿತನಾಗಿದ್ದನು. ವಿಕ್ಟೋರಿಯಾ ರಾಣಿಯ ಕಾಲದ ಕವಿಗಳ ಕಿರುಪುಸ್ತಕಗಳಿಗೆ ಹಿಂದಿನ ವರುಷಗಳನ್ನು ಹಾಕಿ, ಕೂಟಪ್ರತಿಗಳನ್ನು ಅಚ್ಚುಮಾಡಿಸಿ, ‘ಮೊದಲ ಮುದ್ರಣ’ವೆಂದು ಮಾರಿದನು. ಎಲಿಜಬೆತ್ ಬ್ಯಾರೆಟ್ ಬ್ರೌನಿಂಗಳ ಸುನೀತಗಳಿಗೆ 1847ರ ತಾರೀಖನ್ನು ಹಾಕಿದ ಪುಸ್ತಕವು ಅವುಗಳಲ್ಲಿ ಒಂದು. 1934ರಲ್ಲಿ ಜಾನ್ ಕಾರ್ಟರ್, ಗ್ರಹಾಂ ಪೊಲಾರ್ಡ್ ಎಂಬಿಬ್ಬರು ಕಾಗದದ ನಾರನ್ನೂ ಅಚ್ಚಿನ ಮೊಳೆಗಳನ್ನೂ ಪರೀಕ್ಷಿಸಿ ಈ ಮೋಸವನ್ನು ಬಯಲಿಗೆಳೆದರು. ಅವರ ಸಂಶಯಕ್ಕೆ ಇನ್ನೊಂದು ಆಧಾರವೂ ಇದ್ದಿತು: ಆ ಪುಸ್ತಕಗಳು ಹೊರಟವೆಂದು ಹೇಳಲಾದ ಕಾಲದ ಒಬ್ಬ ಒಡೆಯನ ಸಹಿಯಾಗಲಿ, ಕವಿಯು ಮಿತ್ರರಿಗೆ ಬರೆದುಕೊಟ್ಟ ಒಕ್ಕಣೆಯಾಗಲಿ ಯಾವ ಪ್ರತಿಯಲ್ಲಿಯೂ ಕಾಣಲಿಲ್ಲ. ಎಲ್ಲವೂ ನಿಷ್ಕಲಂಕವಾಗಿದ್ದವು, ಆ ನಿಷ್ಕಲಂಕತೆಯೇ ಅವುಗಳ ದೋಷವಾಯಿತು! ಇದೇ ವೈಸನು ಬ್ರಿಟಿಷ್ ಮ್ಯೂಜಿಯಮ್ಮಿನ ಹಳೆಯ ನಾಟಕಪ್ರತಿಗಳಿಂದ ಹಾಳೆಗಳನ್ನು ಕದ್ದು, ತನ್ನ ಮತ್ತು ತನ್ನ ಗಿರಾಕಿಯ ಕೊರೆಪ್ರತಿಗಳನ್ನು ‘ಪೂರ್ಣ’ಗೊಳಿಸಿದನೆಂಬುದನ್ನು ಡೇವಿಡ್ ಫಾಕ್ಸನ್ 1959ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. ಅಂದವಾದ ಪ್ರತಿಯ ಹುಚ್ಚು ಮನುಷ್ಯನನ್ನು ಎಲ್ಲಿಗೆ ಒಯ್ಯುವುದೆಂಬುದಕ್ಕೆ ಬೇರೆ ಪ್ರಮಾಣವು ಬೇಕಿಲ್ಲ.

ಇನ್ನು ಎರಡನೆಯ ಮಾತು. 1867ರ ಮುದ್ರಣಕಾನೂನಿನಂತೆ ಬ್ರಿಟಿಷರ ಸೀಮೆಯಲ್ಲಿ ಅಚ್ಚಾದ ಪುಸ್ತಕಗಳ ಪ್ರತಿಗಳು ಸರಕಾರಕ್ಕೆ ಸಲ್ಲುತ್ತಿದ್ದವು. ಲಂಡನ್ನಿನಲ್ಲಿ ಸೇರಿದ ಕನ್ನಡಪುಸ್ತಕಗಳ ಪಟ್ಟಿಯೊಂದನ್ನು ಬಾರ್ನೆಟ್ ಪಂಡಿತನು 1910ರಲ್ಲಿಯೇ ಪ್ರಕಟಿಸಿದನು. ಸರಕಾರಕ್ಕೆ ಸಂದ ಪ್ರತಿಯು ಕವಿಯು ಏನು ಬರೆದನೆಂಬುದನ್ನು ತಿಳಿಸೀತು. ಆ ಪುಸ್ತಕವು ಯಾರ ಮನೆಯನ್ನು ಹೊಕ್ಕಿತೆಂಬುದನ್ನು ತಿಳಿಸಲಾರದು. 1887ರಲ್ಲಿ ಹೊರಟ ಸೂರಿ ವೆಂಕಟರಮಣಶಾಸ್ತ್ರಿಗಳ ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’ವು ಕನ್ಯಾವಿಕ್ರಯವನ್ನು ಕಟುವಾಗಿ ಖಂಡಿಸಿದ ನಾಟಕವು. ಅದನ್ನು ಕೊಂಡವರು ಯಾರು? ಪಟ್ಟಣದ ವಕೀಲರೇ, ಅಡಕೆತೋಟದ ಹೆಗಡೆಗಳೇ? ಯಾವುದಾದರೊಂದು ಪ್ರತಿಯ ಮೇಲೆ ಹೆಣ್ಣುಮಗಳೊಬ್ಬಳ ಹೆಸರು ಇದ್ದಿತೇ? ಇದ್ದ ಪಕ್ಷದಲ್ಲಿ ಆ ಒಂದು ಸಾಲು ನಮ್ಮ ಸಮಾಜಸುಧಾರಣೆಯ ಚರಿತ್ರೆಗೆ ಒಂದು ಅಧ್ಯಾಯವಾದೀತು. ಅಂತಹ ಹಾಳೆಯನ್ನು ಹರಿದವನು ಆ ಅಧ್ಯಾಯವನ್ನೇ ಹರಿದಂತಾಯಿತು.

ಮೂರನೆಯ ಮಾತು ಎಲ್ಲಕ್ಕಿಂತ ದುರ್ಬಲವಾದುದು. ನಾಟಕವು ದೃಶ್ಯಕಾವ್ಯವಾದಕಾರಣ ಅದರ ಅರ್ಧಾಂಶವು ಮಾತ್ರ ಅಚ್ಚಿನಲ್ಲಿರುವುದು. ಉಳಿದರ್ಧವು ಆಡಿದವರಿಂದಲೂ ನೋಡಿದವರಿಂದಲೂ ಬರತಕ್ಕದ್ದು, ಅವರಾದರೋ ಅಪ್ರಸಿದ್ಧರೇ. ಇಂಗ್ಲಿಷು ಬಾರದ ಬಸವಪ್ಪಶಾಸ್ತ್ರಿಗಳು ಸಿ. ಸುಬ್ಬರಾಯರಿಂದ ಒಥೆಲೋ ನಾಟಕವನ್ನು ತಿಳಿದುಕೊಂಡು ‘ಶೂರಸೇನಚರಿತ್ರೆ’ಯನ್ನು ರಚಿಸಿದರು. ಆ ನಾಟಕವನ್ನು ಪಾಠಶಾಲೆಯ ಪಂಡಿತರು ಓದಿದರೋ, ಇಂಗ್ಲಿಷು ಶಾಲೆಯ ಹುಡುಗರು ಓದಿದರೋ ಎಂಬುದನ್ನು ಹೆಸರಿನ ಹಾಳೆಗಳಲ್ಲದೆ ಮತ್ತಾವುದು ಹೇಳಬೇಕು? ಯಾವ ಸಂಭಾಷಣೆಯನ್ನು ರಂಗದ ಮೇಲೆ ಬಿಟ್ಟರು, ಯಾವ ಪದ್ಯಕ್ಕೆ ಯಾವ ರಾಗವನ್ನು ಹಿಡಿದರು ಎಂಬುದಕ್ಕೆ ಅಂಚಿನ ಗುರುತುಗಳೇ ಗತಿ.

ನಮ್ಮ ಸೀಮೆಗೇ ಬರೋಣ. 1899ರಲ್ಲಿ ಬೀರೂರಿನಿಂದ ಶಿವಮೊಗ್ಗೆಗೆ ರೈಲುದಾರಿ ತೆರೆದು, ತರೀಕೆರೆಯು ಆ ದಾರಿಯ ನಿಲ್ದಾಣವಾಯಿತು. ಅಲ್ಲಿ ಇಳಿದ ಪುಸ್ತಕವು ಘಟ್ಟ ಹತ್ತಿ ಹೆಬ್ಬೆಯ ಕಡೆಯ ಮನೆಯೊಂದನ್ನು ಸೇರಿದ್ದರೆ, ಮಳೆಗಾಲದ ತೇವಕ್ಕೂ ಗೆದ್ದಲಿಗೂ ತುತ್ತಾಗದೆ ಉಳಿದಿದ್ದರೆ, ವರುಷವರುಷವೂ ಅದನ್ನು ಬಿಸಿಲಿಗೆ ಹರವಿದ ಕೈಯೊಂದು ಇದ್ದಿರಲೇಬೇಕು. ಆ ಕೈಯ ಬರಹವನ್ನು ಅಳಿಸಲು ನಮಗೆ ಅಧಿಕಾರವೆಲ್ಲಿಯದು? ಜಿಲ್ಲೆಯು ಕಡೂರು ಜಿಲ್ಲೆಯೆನಿಸಿದ್ದ ಕಾಲದ ಶಾಲೆಯ ಮುದ್ರೆಯೊಂದು ಪುಸ್ತಕದ ಮೇಲಿದ್ದರೆ ಅದು ಅಷ್ಟರಮಟ್ಟಿಗೆ ಒಂದು ಶಾಸನವೇ. ಕಲ್ಲಿನ ಶಾಸನವನ್ನು ಕೆತ್ತಿ ನುಣುಪುಮಾಡುವವನನ್ನು ನಾವು ಪಾಮರನೆನ್ನುವೆವು. ಕಾಗದದ ಶಾಸನವನ್ನು ಹಾಗೆ ಮಾಡುವವನನ್ನು ಮಾತ್ರ ರಸಿಕನೆನ್ನುವುದು ಯಾವ ನ್ಯಾಯ?

ಆದಕಾರಣ, ಹಳೆಯ ಮನೆಗಳನ್ನು ಕೆಡವುವವರು ಅಟ್ಟದ ಪುಸ್ತಕಗಳನ್ನು ರದ್ದಿಯವನ ತಕ್ಕಡಿಗೆ ಹಾಕುವ ಮೊದಲು ಒಂದೊಂದರ ಮೊದಲ ಹಾಳೆಯನ್ನಾದರೂ ತೆರೆದು ನೋಡಲಿ. ಪುಸ್ತಕಭಂಡಾರದವರು ‘ಎರಡನೆಯ ಪ್ರತಿ’ ಎಂದು ತಳ್ಳುವ ಮುನ್ನ ಎರಡರ ಒಡೆಯರೂ ಒಬ್ಬರೇ ಎಂದು ವಿಚಾರಿಸಲಿ. ಸಂಗ್ರಾಹಕರು ಯಾವ ಊರಿನ ಯಾವ ಮನೆಯಿಂದ ಬಂದಿತೆಂಬುದನ್ನು ಬೇರೆ ಚೀಟಿಯಲ್ಲಿ ಬರೆದು ಪುಸ್ತಕದೊಳಗಿಟ್ಟು, ತಮ್ಮ ಹೆಸರನ್ನೂ ಹಿಂದಿನವರ ಹೆಸರಿನ ಕೆಳಗೆ ಸೇರಿಸಲಿ. ಮೇಲಿನ ಹೆಸರನ್ನು ಅಳಿಸಿದವನ ಹೆಸರನ್ನು ಮುಂದಿನವರು ಏಕೆ ಉಳಿಸಬೇಕು?