ಸೂರ್ಯನನ್ನ ಇಡೋ ಪಾತ್ರೆ

ಭೂಮಿ ಮೇಲೆ ಸೂರ್ಯನನ್ನ ಮಾಡ್ತಾರಂತೆ ಅಂದ್ರೆ ನಮ್ಮ ಗಾಂಧಿನಗರದ ಮಂದಿ ನಗ್ತಾರೆ. ಬಳ್ಳಾರಿಗೆ ಇನ್ನೊಂದು ಸೂರ್ಯ ಯಾಕ್ರೀ? ನನಗಂತೂ ಕುತೂಹಲ ಇರೋದು ಅವನನ್ನ ಇಡೋ ಪಾತ್ರೆ ಬಗ್ಗೆ.

ಹೈಡ್ರೋಜನ್ ಬೆಸೆದು ಶಕ್ತಿ ತೆಗೆಯೋಕೆ ಫ್ರಾನ್ಸ್‌ನಲ್ಲಿ ಕಟ್ಟುತ್ತಿರೋ ಐಟರ್ ರಿಯಾಕ್ಟರ್‌ನಲ್ಲಿ ಶಾಖ 15 ಕೋಟಿ ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಆ ಬೆಂಕಿ ಗೋಡೆಗೆ ತಾಗದಂತೆ ಅಯಸ್ಕಾಂತಗಳು ಹಿಡೀತವೆ. ಆದ್ರೆ ನ್ಯೂಟ್ರಾನ್ ಅಯಸ್ಕಾಂತಕ್ಕೆ ಬಗ್ಗಲ್ಲ, ನೇರ ಗೋಡೆಗೇ ನುಗ್ಗುತ್ತೆ. ಅದನ್ನ ತಡೆಯೋಕೆ ಪಾತ್ರೆಯ ಎರಡು ಗೋಡೆಗಳ ನಡುವೆ ಸುಮಾರು 9,000 ಉಕ್ಕಿನ ಬ್ಲಾಕ್‌ಗಳನ್ನ ತುಂಬ್ತಾರೆ. ಅವು ತಯಾರಾಗಿದ್ದು ನಮ್ಮ ಬೆಂಗಳೂರಿನ ಅವಸರಾಲ ಟೆಕ್ನಾಲಜೀಸ್‌ನಲ್ಲಿ! ಬಹುಪಾಲು ಬ್ಲಾಕ್‌ಗಳ ಉಕ್ಕಿನಲ್ಲಿ ಬೋರಾನ್ ಇದೆ. ಅದು ನ್ಯೂಟ್ರಾನ್ ಹೀರುತ್ತೆ. ಜಾಸ್ತಿ ಬೆರೆಸಿದ್ರೆ ಉಕ್ಕು ಪೆಡಸಾಗುತ್ತೆ. ಹದ ಬೇಕು, ಹೋಳಿಗೆ ಕಣಕದ ಹಾಗೆ.

ತೋರಣಗಲ್ಲು ಕಡೆ ಲ್ಯಾಬ್‌ನಲ್ಲಿ ಉಕ್ಕಿನ ಸ್ಯಾಂಪಲ್ ಎಳೆದು ಮುರಿಯೋದೇ ನನ್ನ ತಮ್ಮನ ನೌಕರಿ. "ಇದೇನ್ ಕೆಲ್ಸ ಅಕ್ಕಾ, ಬಿಟ್ಟು ಕೋಡಿಂಗ್ ಕಲೀತೀನಿ" ಅಂತ ವರ್ಷದಿಂದ ಅಂತಿದ್ದಾನೆ. ಮೊನ್ನೆ ಅವನಿಗೆ ಇದನ್ನೆಲ್ಲ ಹೇಳಿದೆ. ಮಾಮೂಲಿ ಉಕ್ಕಿನ ಮಾಲಿಬ್ಡಿನಂ, ನಿಯೋಬಿಯಂ ನ್ಯೂಟ್ರಾನ್ ಬಡಿದು ದೀರ್ಘಕಾಲ ವಿಕಿರಣ ಸೂಸ್ತವೆ. ಅದಕ್ಕೇ ಕಲ್ಪಾಕಂ, ಹೈದರಾಬಾದ್, ಗುಜರಾತಿನ ಗಾಂಧಿನಗರದ (ಹೌದು, ಅಲ್ಲೂ ಗಾಂಧಿನಗರ!) ಸಂಸ್ಥೆಗಳು ಸೇರಿ ಟಂಗ್‌ಸ್ಟನ್, ಟ್ಯಾಂಟಲಂ ಹಾಕಿದ ಉಕ್ಕು ಮಾಡಿವೆ. ಇಂಥ ಉಕ್ಕನ್ನ ರಿಯಾಕ್ಟರ್‌ನಷ್ಟೇ ಬಿರುಸಿನ ನ್ಯೂಟ್ರಾನ್‌ಗಳಿಗೆ ಒಡ್ಡಿ ನೋಡೋಕೆ ಸ್ಪೇನ್‌ನ ಗ್ರನಾಡಾದಲ್ಲಿ ಈಗಷ್ಟೇ ಒಂದು ಕೇಂದ್ರ ಎದ್ದೇಳ್ತಿದೆ.

"ಅಲ್ಲೂ ಕೊನೆಗೆ ಎಳೆದು ಮುರಿದೇ ನೋಡ್ತಾರೇನಕ್ಕಾ?"

ಹೂಂ ಅಂದೆ. ಕೋಡಿಂಗ್ ಕ್ಲಾಸಿನ ಫೀಸು ಇನ್ನೂ ಕಟ್ಟಿಲ್ಲ ಅವನು.